ರಷ್ಯಾದ ಅಂಕಪುಸ್ತಕ, ಬಾಲಾನಗರದ ರವಿವಾರ

ಹೈದರಾಬಾದಿನಲ್ಲಿ ನನಗೆ ಮೊದಲು ಅರ್ಥವಾದ ಬರಹ ತೆಲುಗಿನದಲ್ಲ, ಉರ್ದುವಿನದಲ್ಲ, ರಷ್ಯನ್ ಭಾಷೆಯದು. ಬಾಲಾನಗರದ ಒಂದು ಶೆಡ್ಡಿನಲ್ಲಿ, ಹಸಿರು ಬಣ್ಣ ಸುಲಿದ ಹಳೆಯ ಲೇಥ್ ಯಂತ್ರದ ಮೈಮೇಲೆ ಒಂದು ತಗಡಿನ ಫಲಕವಿತ್ತು. 'ಚಾಲೂ ಮಾಡಬೇಡಿ, ಜನ ಕೆಲಸ ಮಾಡುತ್ತಿದ್ದಾರೆ' ಎಂದು ಅದರಲ್ಲಿ ಕೆಂಪಕ್ಷರದಲ್ಲಿ ಬರೆದಿತ್ತು. ಫಲಕದ ತುಂಬ ಅರಿಸಿನ, ಕುಂಕುಮ, ಮೇಲೊಂದು ಒಣಗಿದ ಚೆಂಡುಹೂವಿನ ಸರ. ಯಂತ್ರ ತಯಾರಿಸಿದ ಕಂಪನಿಯ ಹೆಸರೇ ಇರಬೇಕೆಂದು ಶೆಡ್ಡಿನವರು ಪ್ರತಿ ವರ್ಷ ದಸರೆಗೆ ಅದಕ್ಕೆ ಪೂಜೆ ಮಾಡುತ್ತಿದ್ದರಂತೆ. ಓದಿ ನಗು ಬಂತು. ಊರು ಬಿಟ್ಟು ಹದಿನೈದು ದಿನವಾಗಿತ್ತು. ಅಷ್ಟು ದಿನದಲ್ಲಿ ನನಗೆ ಪೂರ್ತಿ ಅರ್ಥವಾಗುವಂತೆ ಏನನ್ನಾದರೂ ಹೇಳಿದ್ದು ಆ ತಗಡೊಂದೇ.

"ಅಯ್ಯ ಶಿವನ" ಎಂದು ನನ್ನಷ್ಟಕ್ಕೆ ಅಂದುಕೊಂಡೆ. ಹಿಂದಿನಿಂದ ಯಾರೋ, "ಅಕ್ಕಾರ, ನಮ್ಮ ಕಡಿಯವ್ರೇನ್ರಿ?" ಎಂದರು. ತಿರುಗಿ ನೋಡಿದರೆ ಎಣ್ಣೆ ಹತ್ತಿದ ಖಾಕಿ ಅಂಗಿಯ, ನನ್ನ ಓರಗೆಯ ಗಂಡಸು. ಹೆಸರು ಶರಣಪ್ಪ, ಊರು ಇಳಕಲ್, ಆ ಲೇಥ್ ನಡೆಸುವವರು ಅವರೇ. ನಾನು ವಿಜಯಪುರದಾಕಿ ಎಂದೆ. ಫಲಕದಲ್ಲಿ ಏನಿದೆ ಎಂದು ಹೇಳಿದ ಮೇಲೆ ಅವರು ಅದನ್ನೇ ಎರಡು ನಿಮಿಷ ನೋಡಿದರು. "ಇರ್ಲಿ ಬಿಡ್ರಿ, ಛಲೋನ ಬರದಾರ. ಪೂಜಾ ಮಾಡಿದ್ದು ದಂಡ ಆಗಲಿಲ್ಲ" ಎಂದರು.

ಆ ಶೆಡ್ಡಿನ ರಷ್ಯನ್ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ಇಳಿಸುವ ಕೆಲಸಕ್ಕೆಂದು ನಾನು ಇಲ್ಲಿಗೆ ಬಂದೆ. ಹಿಂದೆ ಮೆಡಿಕಲ್ ಓದಲು ರಷ್ಯಾಕ್ಕೆ ಹೋಗಿದ್ದಾಗ ಕಲಿತ ನನ್ನ ರಷ್ಯನ್ ಭಾಷೆ ವಿಜಯಪುರದಲ್ಲಿ ಯಾರಿಗೆ ಬೇಕಿತ್ತು? ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಒಂದು ಕೋಣೆ ಸಿಕ್ಕಿತು. ಬಾಡಿಗೆ ಕಾಗದ ಬರೆಯುವಾಗ ಮನೆಯ ಮಾಲೀಕರು ನನ್ನ 'ಇಂಟಿ ಪೇರು' ಕೇಳಿದರು, ಅಂದರೆ ಮನೆತನದ ಹೆಸರು. ಇಲ್ಲಿ ಅದು ಮೊದಲು ಬರಬೇಕು. ಗಿರಿಜಾ ಮಲ್ಲಪ್ಪ ಬಿರಾದಾರ ಎಂಬ ನಾನು ಬಿರಾದಾರ ಗಿರಿಜಾ ಆದೆ, ನಡುವಿನ ಅಪ್ಪ ಬಿದ್ದುಹೋದ. ಬೋರ್ಡುಗಳ ಕಥೆ ಇನ್ನೊಂದು. ತೆಲುಗಿನ ಅಕ್ಷರ ಹೆಚ್ಚುಕಡಿಮೆ ನಮ್ಮವೇ, ಬಸ್ಸಿನಲ್ಲಿ ಕೂತು ಬೀದಿಯುದ್ದಕ್ಕೂ ಓದಿಕೊಂಡು ಹೋಗುತ್ತಿದ್ದೆ, ಒಂದೂ ತಿಳಿಯುತ್ತಿರಲಿಲ್ಲ. ರಷ್ಯಾದಲ್ಲಿ ಅಕ್ಷರವೇ ಗೊತ್ತಿಲ್ಲದ ದಿನಗಳಲ್ಲಿ ನಾನು ಪರದೇಶಿ ಎಂಬುದು ನನಗೂ ಅಂಗಡಿಯವನಿಗೂ ಸ್ಪಷ್ಟವಿತ್ತು. ಇಲ್ಲಿ ಎಲ್ಲರೂ ನನ್ನನ್ನು ತಮ್ಮವಳೆಂದೇ ತಿಳಿದು ತೆಲುಗಿನಲ್ಲಿ ಗಡಗಡ ಶುರು ಮಾಡುತ್ತಾರೆ, ನಾನು ಬಾಯಿ ಬಿಟ್ಟ ಮೇಲೆ ಅವರ ಮುಖ ಸಪ್ಪಗಾಗುತ್ತದೆ.

ಊಟದ ತೊಂದರೆ ಇಲ್ಲ. ಸಂಜೆ ರಸ್ತೆ ಬದಿಯಲ್ಲಿ ಹೆಂಗಸರು ಒಲೆ ಹೂಡಿ ಜೊನ್ನ ರೊಟ್ಟೆ ತಟ್ಟುತ್ತಾರೆ, ನಮ್ಮ ಜೋಳದ ರೊಟ್ಟಿಯೇ ಅದು, ಒಂಚೂರು ದಪ್ಪ. ಎರಡು ಕಟ್ಟಿಸಿಕೊಂಡು ಬಂದು ಕೋಣೆಯಲ್ಲಿ ಒಬ್ಬಳೇ ಕೂತು ತಿನ್ನುವಾಗ ಮಾತ್ರ ಯಾವ ಊರಾದರೂ ಒಂದೇ. ರಷ್ಯಾದ ಹಾಸ್ಟೆಲಿನಲ್ಲಿ ಕರಿ ಬ್ರೆಡ್ಡನ್ನು ಹೀಗೆಯೇ ಗೋಡೆ ನೋಡುತ್ತ ತಿನ್ನುತ್ತಿದ್ದೆ.

ಶರಣಪ್ಪನವರ ಮನೆ ಇದ್ದುದರಿಂದ ನಾನು ಉಳಿದೆ. ಬಾಲಾನಗರದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಪ್ರತಿ ರವಿವಾರ ಅಲ್ಲೇ ನನ್ನ ಊಟ. ಅವರ ಹೆಂಡತಿ ಮಹಾದೇವಿ ಮಾತು ಕಡಿಮೆ, ಬಡಿಸುವುದು ಜಾಸ್ತಿ. ಒಬ್ಬಳೇ ಮಗಳು ಭಾಗ್ಯಶ್ರೀ, ನಾನು ಬಂದಾಗ ಹೈಸ್ಕೂಲು. ಹೊಸ್ತಿಲ ಆಚೆ ತೆಲುಗು, ಹಿಂದಿ. ಒಳಗೆ ಕಾಲಿಟ್ಟರೆ ಇಳಕಲ್. ಅಲ್ಲಿ ನನ್ನನ್ನು 'ಅಕ್ಕಾರ' ಎನ್ನುತ್ತಿದ್ದರು, ನಮ್ಮ ಕಡೆ ಶಾಲೆ ಟೀಚರಿಗೆ ಅನ್ನುವಂತೆ. ಕೈಪಿಡಿಗಳನ್ನು ಕಂಪ್ಯೂಟರೇ ಅನುವಾದ ಮಾಡತೊಡಗಿ ನನ್ನ ಕೆಲಸ ಹೋದಾಗಲೂ ಆ ರವಿವಾರಗಳು ಹೋಗಲಿಲ್ಲ.

ಅನಂತರ ನನಗೆ ಸಿಕ್ಕಿದ್ದು ಸಿಕಂದರಾಬಾದಿನ ಕೆಲಸ. ಮೆಡಿಕಲ್ ಓದಲು ರಷ್ಯಾಕ್ಕೆ ಹೋಗುವ ಮಕ್ಕಳಿಗೆ ಒಂದು ಆಫೀಸಿನವರು ಮೂರು ತಿಂಗಳು ಭಾಷೆ ಕಲಿಸುತ್ತಾರೆ. ಅವರು ಮಕ್ಕಳನ್ನು ಕಳಿಸುವುದು ನಾನು ಓದಿದ ವಿಶ್ವವಿದ್ಯಾಲಯಕ್ಕೇ. ಮೂರು ತಿಂಗಳಿಗೊಮ್ಮೆ ಒಂದು ತಂಡ ಬರುತ್ತದೆ, ಕಲಿಯುತ್ತದೆ, ವಿಮಾನ ಹತ್ತುತ್ತದೆ. ನಾನು ಬೋರ್ಡು ಒರೆಸಿ ಲಿಂಗಂಪಲ್ಲಿಯ ಲೋಕಲ್ ರೈಲು ಹತ್ತುತ್ತೇನೆ.

ಮೊದಲ ಪಾಠದಲ್ಲಿ ವಿಶ್ವವಿದ್ಯಾಲಯದ ಚರಿತ್ರೆ ಹೇಳಬೇಕೆಂದು ಆಫೀಸಿನವರ ಅಪ್ಪಣೆ. ಹೇಳುತ್ತೇನೆ. ತ್ಸಾರ್ ದೊರೆಗಳ ಕಾಲದಲ್ಲಿ ಹೊಳೆಯ ದಂಡೆಗೆ ಬಿಳಿ ಕಂಬಗಳ ಆ ಕಟ್ಟಡ ಎದ್ದಾಗ ಪಾಠ ಹೇಳಲು ಜನ ಸಿಗದೆ ಜರ್ಮನಿಯಿಂದ ಪ್ರೊಫೆಸರರನ್ನು ಕರೆಸಿದ್ದರು. ಅವರಿಗೆ ರಷ್ಯನ್ ಬಾರದು, ಮಕ್ಕಳಿಗೆ ಜರ್ಮನ್ ಬಾರದು. ಅಂದರೆ ಅಲ್ಲಿ ಎಲ್ಲರಿಗಿಂತ ಮೊದಲು ಪರದೇಶಿಗಳಾಗಿದ್ದವರು ಮೇಷ್ಟ್ರುಗಳೇ. ಮಹಾಯುದ್ಧದಲ್ಲಿ ಅರ್ಧ ಕಟ್ಟಡ ಆಸ್ಪತ್ರೆಯಾಯಿತು, ಉಳಿದರ್ಧಕ್ಕೆ ಮಾಸ್ಕೋದ ವಿಜ್ಞಾನಿಗಳು ಹಾಸಿಗೆ ಸುತ್ತಿಕೊಂಡು ಬಂದರು. ಆಮೇಲೆ ಹೊಸದಾಗಿ ಸ್ವತಂತ್ರವಾದ ದೇಶಗಳ ಸರದಿ. ಆಫ್ರಿಕಾದವರು, ವಿಯೆಟ್ನಾಮಿನವರು, ಕ್ಯೂಬಾದವರು, ನಮ್ಮವರು. ಇವರಿಗೆಂದೇ 'ಪೊದ್‌ಫಾಕ್' ಎಂಬ ವಿಭಾಗ ತೆರೆದರು, ಒಂದು ವರ್ಷ ಬರೀ ಭಾಷೆ ಕಲಿಯುವ ತಯಾರಿ ತರಗತಿ ಅದು. ಅಲ್ಲಿ ಕಲಿತು ಹೋದವರು ತಮ್ಮ ತಮ್ಮ ದೇಶಗಳಲ್ಲಿ ಮಂತ್ರಿಗಳಾಗಿದ್ದಾರೆ, ಆಸ್ಪತ್ರೆ ಕಟ್ಟಿದ್ದಾರೆ, ಅವರ ಫೋಟೋಗಳನ್ನು ಕಾರಿಡಾರಿನ ಗೋಡೆಗೆ ಹಾಕಿದ್ದಾರೆ. ಈಗ ಅದೇ ಕಾರಿಡಾರಿನಲ್ಲಿ ತೆಲುಗು ಕೇಳಿಸುತ್ತದಂತೆ.

ಅಲ್ಲಿಯವರೆಗೆ ಆಫೀಸಿನವರ ಬ್ರೋಷರ್‌ನಲ್ಲಿದೆ. ನಾನು ಹೋದದ್ದು ಸೋವಿಯತ್ ಒಕ್ಕೂಟ ಒಡೆದ ಹೊಸತರಲ್ಲಿ. ಸಂಬಳವಿಲ್ಲದ ಪ್ರೊಫೆಸರರು ಊರಾಚೆ ಆಲೂಗಡ್ಡೆ ಬೆಳೆದುಕೊಂಡು, ಉಗುರಿನಲ್ಲಿ ಮಣ್ಣಿಟ್ಟುಕೊಂಡೇ ಪಾಠಕ್ಕೆ ಬರುತ್ತಿದ್ದರು, ಆದರೆ ಒಂದು ಪಾಠವನ್ನೂ ತಪ್ಪಿಸುತ್ತಿರಲಿಲ್ಲ. ಅದನ್ನೂ ಹೇಳುತ್ತೇನೆ. ಆ ಗೋಡೆಯ ಮೇಲೆ ಫೋಟೋ ಇಲ್ಲದವರು ಯಾರು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಮಕ್ಕಳಿಗೆ ಭಾಳ ಇಷ್ಟವಾಗುವುದು ಅಲ್ಲಿಯ ಹೆಸರು ಕರೆಯುವ ರೀತಿ. ಅಲ್ಲಿ ಸರ್, ಮೇಡಂ ಇಲ್ಲ. ಎಷ್ಟೇ ದೊಡ್ಡವರಿರಲಿ, ಅವರ ಹೆಸರು ಹಿಡಿದು ಜೊತೆಗೆ ಅವರ ಅಪ್ಪನ ಹೆಸರು ಸೇರಿಸಿ ಕರೆದರೆ ಅದೇ ಮರ್ಯಾದೆ. ನನಗೆ ಔಷಧಶಾಸ್ತ್ರ ಕಲಿಸಿದ ಮುದುಕಿ ವೇರಾ ನಿಕೊಲಾಯೆವ್ನಾ, ಅಂದರೆ ನಿಕೊಲಾಯಿಯ ಮಗಳು ವೇರಾ. ನನ್ನ ಪಾಸ್‌ಪೋರ್ಟಿನಲ್ಲಿ ನಡುವೆ ಮಲ್ಲಪ್ಪ ಎಂದಿರುವುದನ್ನು ಕಂಡು ಆಕೆ, "ನೀವೂ ನಮ್ಮ ಹಾಗೆಯೇ ಅಪ್ಪನನ್ನು ಜೊತೆಗಿಟ್ಟುಕೊಂಡು ಓಡಾಡುತ್ತೀರಲ್ಲ" ಎಂದು ಖುಷಿಪಟ್ಟು, ಅಂದಿನಿಂದ ನನ್ನನ್ನು ಗಿರಿಜಾ ಮಲ್ಲಪ್ಪೊವ್ನಾ ಎಂದೇ ಕರೆದರು. ಇಡೀ ರಷ್ಯಾದಲ್ಲಿ ಹಾಗೆ ಕರೆದವರು ಅವರೊಬ್ಬರೇ.

ಹೋದ ವರ್ಷ ಭಾಗ್ಯ ನೀಟ್ ಪಾಸಾದಳು, ಇಲ್ಲಿ ಸರ್ಕಾರಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಡಾಕ್ಟರಾಗಬೇಕೆಂಬ ಹಟ ಹೈಸ್ಕೂಲಿನಿಂದಲೂ ಇತ್ತು. ನನ್ನ ತರಗತಿಗೆ ಬಂದು ಸೇರಿದಳು. ಎಲ್ಲರಿಗಿಂತ ಬೇಗ ಕಲಿತದ್ದು ಅವಳೇ. ಯುದ್ಧದ ಸುದ್ದಿ, ಚಳಿ, ಒಬ್ಬಳೇ ಹೆಣ್ಣುಮಗಳು ಎಂದು ಮಹಾದೇವಿಗೆ ಅಂಜಿಕೆ. ಶರಣಪ್ಪ ಒಂದೇ ಮಾತು ಹೇಳಿದ್ದರು. "ಅಕ್ಕಾರ, ನೀವು ಹೋಗಿ ಬಂದಾಕಿ. ಕಳಸ್ರಿ ಅಂದ್ರ ಕಳಸ್ತೀವಿ, ಬ್ಯಾಡ ಅಂದ್ರ ಇಲ್ಲ." ನಾನು ಕಳಿಸಿ ಎಂದಿದ್ದೆ.

ಒಂದು ರವಿವಾರ ಭಾಗ್ಯ ನನ್ನ 'ಜಚೋತ್ಕಾ' ನೋಡಬೇಕೆಂದಳು. ಜಚೋತ್ಕಾ ಎಂದರೆ ಅಲ್ಲಿ ಪ್ರತಿ ವಿದ್ಯಾರ್ಥಿಗೂ ಕೊಡುವ ಅಂಗೈಯಗಲದ ಅಂಕಪುಸ್ತಕ. ಪರೀಕ್ಷೆ ಬರೆಯುವುದಲ್ಲ, ಬಾಯಲ್ಲಿ ಹೇಳುವುದು. ಮೇಜಿನ ಮೇಲೆ ಬೋರಲು ಹಾಕಿದ ಚೀಟಿಗಳಲ್ಲಿ ಒಂದನ್ನು ಎತ್ತಬೇಕು, ಅದರಲ್ಲಿದ್ದ ಪ್ರಶ್ನೆಗೆ ಮೇಷ್ಟ್ರ ಎದುರು ಕೂತು ಉತ್ತರ ಹೇಳಬೇಕು. ಅವರು ಅಲ್ಲೇ ಪುಸ್ತಕದಲ್ಲಿ ಅಂಕ ಬರೆದು ಸಹಿ ಹಾಕುತ್ತಾರೆ. ಅದರಲ್ಲೊಂದು ವಿಚಿತ್ರ ಪದ್ಧತಿಯಿದೆ. ಪಾಸಾದರೆ ಮಾತ್ರ ಬರೆಯುವುದು. ಫೇಲಾದರೆ ಆಫೀಸಿನ ಹಾಳೆಯಲ್ಲಿ ಬರೆದುಕೊಂಡು, ಪುಸ್ತಕದಲ್ಲಿ ಆ ಸಾಲನ್ನು ಖಾಲಿ ಬಿಟ್ಟು ವಾಪಸು ಕೊಡುತ್ತಾರೆ.

ನನ್ನ ಪುಸ್ತಕವನ್ನು ಶರಣಪ್ಪ ಕೈ ತೊಳೆದುಕೊಂಡು ಬಂದು ಮುಟ್ಟಿದರು, ಕಣ್ಣಿಗೊತ್ತಿಕೊಂಡರು. ಭಾಗ್ಯ ಒಂದೊಂದೇ ಪುಟ ತಿರುವುತ್ತ ರಷ್ಯನ್ ಓದಿ ಅಪ್ಪನಿಗೆ ಹೇಳಿದಳು. ಉತ್ತಮ, ಉತ್ತಮ, ಚೆನ್ನಾಗಿದೆ, ಉತ್ತಮ. ಮಹಾದೇವಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಮೂರನೇ ವರ್ಷದ ಪುಟಕ್ಕೆ ಬಂದಾಗ ಭಾಗ್ಯ ತಲೆ ಎತ್ತಿದಳು. "ಮೇಡಂ, ಇಲ್ಲಿಂದ ಮುಂದ ಏನೂ ಬರದಿಲ್ಲಲ್ರಿ?"

ಆ ಮನೆಯಲ್ಲಿ ಈವರೆಗೆ ಯಾರೂ ಕೇಳಿರದಿದ್ದರೂ, ಇಷ್ಟು ವರ್ಷ ಊರಿನಲ್ಲಿ ಎಲ್ಲರಿಗೂ ಹೇಳಿದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ತಾನೇ ಹೊರಬಂತು. "ನಮ್ಮ ಅಪ್ಪಗ ಆರಾಮ ಇರಲಿಲ್ಲ. ಬಿಟ್ಟು ಬಂದೆ."

"ಪಾಪ" ಎಂದರು ಮಹಾದೇವಿ.

ಶರಣಪ್ಪ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. "ಅಪ್ಪನ ಸಲುವಾಗಿ ಡಾಕ್ಟರಕಿ ಬಿಟ್ಟು ಬಂದ್ರಿ. ಭಾಳ ದೊಡ್ಡ ಮನಸ್ಸರಿ ನಿಮ್ದು" ಎಂದರು. ಎಲ್ಲರೂ ಉಂಡೆವು. ಕೈ ತೊಳೆದು ಬಂದ ಮೇಲೆ ಹೆಂಡತಿಯ ಕಡೆ ನೋಡುತ್ತ, "ನನಗೂ ಬಿಪಿ ಐತಿ, ಶುಗರ್ ಐತಿ. ನಾಳಿ ನನಗೇನರ ಆದ್ರ ಇಕಿನೂ ಹಿಂಗ ನಡುವ ಬಿಟ್ಟು ಬರಾಕಿನ. ನನ್ನ ಸಲುವಾಗಿ ಇಕಿ ಬಾಳೇ ಹಾಳಾಗೂದು ಬ್ಯಾಡ. ಇಲ್ಲೇ ಬಿಎಸ್ಸಿ ಮಾಡ್ಲಿ" ಎಂದರು.

ಭಾಗ್ಯ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುತ್ತೇನೆಂದು ಕಾದಳು. ನಾನು ಪುಸ್ತಕವನ್ನು ಚೀಲಕ್ಕೆ ಹಾಕಿ ಅದರ ಜಿಪ್ಪು ಎಳೆಯುತ್ತ ಕೂತೆ.

ಯಾಕೆಂದರೆ ಅಪ್ಪನಿಗೆ ಏನೂ ಆಗಿರಲಿಲ್ಲ. ಮೂರನೇ ವರ್ಷದ ಚಳಿಗಾಲದ ಪರೀಕ್ಷೆಯಲ್ಲಿ ವೇರಾ ನಿಕೊಲಾಯೆವ್ನಾ ಅವರೆದುರು ಚೀಟಿ ಎತ್ತಿ ಕೂತೆ. ಪ್ರಶ್ನೆ ಗೊತ್ತಿದ್ದದ್ದೇ. ಬಾಯಿ ಏಳಲಿಲ್ಲ. ಕನ್ನಡ ಬಂತು, ರಷ್ಯನ್ ಬರಲಿಲ್ಲ. ಅದಕ್ಕೂ ಮೊದಲು ಎಷ್ಟೋ ದಿನಗಳಿಂದ ನಾನು ಯಾರೊಡನೆಯೂ ಮಾತಾಡಿರಲಿಲ್ಲ. ಹಾಸ್ಟೆಲಿನಲ್ಲಿ ಯಾರೂ ನನ್ನನ್ನು ನೋಯಿಸಲಿಲ್ಲ, ಕೋಣೆಯ ಹುಡುಗಿಯರು ಒಳ್ಳೆಯವರೇ. ಮೂರು ಗಂಟೆಗೇ ಕತ್ತಲಾಗುತ್ತಿತ್ತು, ನನಗೆ ಸುಮ್ಮನೆ ಒಬ್ಬಂಟಿಯಾಗಿರಲು ಆಗಲಿಲ್ಲ, ಅಷ್ಟೇ. ಆಕೆ ಪುಸ್ತಕದಲ್ಲಿ ಏನೂ ಬರೆಯದೆ ನನ್ನ ಕಡೆ ಸರಿಸಿ, "ವಸಂತದಲ್ಲಿ ಬನ್ನಿ" ಎಂದರು. ಮರುಪರೀಕ್ಷೆಗೆ ಬಾ ಎಂದರ್ಥ. ನಾನು ರಜೆಗೆಂದು ವಿಜಯಪುರಕ್ಕೆ ಬಂದೆ, ತಿರುಗಿ ಹೋಗಲಿಲ್ಲ. ಅಪ್ಪನಿಗೆ ಒಮ್ಮೆ ತಲೆಸುತ್ತು ಬಂದದ್ದೇ ನೆಪವಾಯಿತು. ಅವರ ಆರೈಕೆಗೆ ಉಳಿದೆ ಎಂದು ಓಣಿಗೆಲ್ಲ ಹೇಳಿದೆ. ಅಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಯಾರಾದರೂ ವಿಚಾರಿಸಿದರೆ, "ಹೌದ್ರಿ, ನನಗ ಆರಾಮಿರಲಿಲ್ಲ, ನಾನ ಕರಿಸಿಕೊಂಡೆ" ಎನ್ನುತ್ತಿದ್ದರು. ಹತ್ತಾರು ವರ್ಷ, ಗಟ್ಟಿಮುಟ್ಟಾಗಿ ಹೊಲಕ್ಕೆ ಹೋಗಿ ಬರುತ್ತಿದ್ದ ಮನುಷ್ಯ, ನನ್ನ ಮಾನ ಕಾಯಲು ಊರೆದುರು ರೋಗಿಯಾಗಿದ್ದರು.

ಇದನ್ನು ಆ ರವಿವಾರವೇ ಹೇಳಬೇಕಿತ್ತು. ಹೇಳಿದರೆ ಆ ಮನೆ ನನ್ನ ಕೈತಪ್ಪುತ್ತದೆ ಎಂಬ ಹೆದರಿಕೆ. ಆ ಮನೆಯ ರವಿವಾರಗಳೂ ಹೋದರೆ ಹೈದರಾಬಾದಿನಲ್ಲಿ ನನಗೆ ಉಳಿಯುವುದು ಬರೀ ಸೋಮವಾರಗಳು. ಸುಳ್ಳು ಹೇಳಿ ಅಪ್ಪನ ಹೆಗಲ ಮೇಲೆ ಹಾಕಿದ್ದ ಭಾರ ಈಗ ಆ ಹುಡುಗಿಯ ಮೇಲೆ ಬಿದ್ದಿತ್ತು, ನಾನು ಮಾತ್ರ ಹೊಟ್ಟೆ ತುಂಬ ರೊಟ್ಟಿ ತಿಂದು ಮನೆಗೆ ಬಂದಿದ್ದೆ. ಸೋಮವಾರ ಭಾಗ್ಯ ತರಗತಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಅವಳ ಖಾಲಿ ಕುರ್ಚಿ ನೋಡುತ್ತ ಪಾಠ ಮಾಡುವುದು ನನ್ನಿಂದಾಗಲಿಲ್ಲ.

ಬುಧವಾರ ಮಧ್ಯಾಹ್ನದ ಊಟದ ಬಿಡುವಿಗೆ ಬಾಲಾನಗರದ ಶೆಡ್ಡಿಗೆ ಹೋದೆ. ಯಂತ್ರಗಳು ನಿಂತಿದ್ದವು. ಶರಣಪ್ಪ ಲೇಥ್ ಪಕ್ಕ ಡಬ್ಬಿ ಬಿಚ್ಚಿ ಕೂತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಚೀಟಿ ಎತ್ತಿದ್ದು, ಬಾಯಿ ಕಟ್ಟಿದ್ದು, ಓಡಿ ಬಂದದ್ದು, ಅಪ್ಪನ ಹೆಸರಿಗೆ ರೋಗ ಹಚ್ಚಿದ್ದು.

ಅವರು ತುತ್ತು ಬಾಯಿಗಿಡದೆ ಕೇಳಿದರು. "ನಿಮ್ಮ ಅಪ್ಪಾರಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಏನಂದ್ರು?"

"ಏನೂ ಅನಲಿಲ್ಲ. ಕೇಳಿದವರಿಗೆಲ್ಲಾ ತಮಗ ಆರಾಮಿಲ್ಲ ಅಂತಿದ್ರು."

"ಮತ್ತ ನಮ್ಮ ಮನ್ಯಾಗ ಕುಂತು ನೀವೂ ಹಂಗ ಅಂದ್ರಿ."

"ಹೌದ್ರಿ. ಭಾಗ್ಯ ಹೋಗ್ಲಿ. ನನ್ನ ತಪ್ಪಿಗೆ ಅಕಿನ್ನ ಮನ್ಯಾಗ ಕುಂದ್ರಸಬ್ಯಾಡ್ರಿ."

ಅವರು ಡಬ್ಬಿ ಮುಚ್ಚಿದರು. ಅರ್ಧ ಊಟ ಹಾಗೇ ಇತ್ತು. "ಹೊತ್ತಾತ್ರಿ, ಮಷೀನ್ ಚಾಲೂ ಮಾಡ್ಬೇಕು" ಎಂದು ಎದ್ದರು. ಬಿಡುವು ಮುಗಿಯಲು ಇನ್ನೂ ಹದಿನೈದು ನಿಮಿಷವಿತ್ತು.

ಅದಾದ ಮೇಲೆ ಐದು ರವಿವಾರ ಯಾರೂ ಕರೆಯಲಿಲ್ಲ. ಮರುವಾರ ಭಾಗ್ಯ ತರಗತಿಗೆ ಬಂದಳು. ಕೊನೆಯ ಬೆಂಚಿನಲ್ಲಿ ಕೂತು, ಪಾಠ ಮುಗಿದೊಡನೆ ಎದ್ದು ಹೋಗುತ್ತಿದ್ದಳು. ಹೋಗುತ್ತೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ರವಿವಾರ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಹೊರಡಲು ಎಲ್ಲಿಯೂ ಇಲ್ಲದೆ ಲಿಂಗಂಪಲ್ಲಿ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಅಲ್ಲಿಗೆ ಲೋಕಲ್ ರೈಲಿನ ದಾರಿ ಮುಗಿಯುತ್ತದೆ. ಬಂದವರೆಲ್ಲ ಇಳಿದು ಎಲ್ಲಿಗೋ ಹೋಗುತ್ತಾರೆ, ರೈಲು ಖಾಲಿಯಾಗಿ ನಿಲ್ಲುತ್ತದೆ. ಒಮ್ಮೆ ವಿಜಯಪುರಕ್ಕೆ ತಮ್ಮನ ಮನೆಗೆ ಫೋನ್ ಮಾಡಿದೆ. ಎತ್ತಿಕೊಂಡ ಅವನ ಮಗಳು ಒಳಗೆ ತಿರುಗಿ, "ಹೈದರಾಬಾದ್ ಅತ್ತಿ" ಎಂದು ಕೂಗಿದಳು. ಇಲ್ಲಿ ನಾನು ರಷ್ಯಾ ಮೇಡಂ, ಅಲ್ಲಿ ಹೈದರಾಬಾದ್ ಅತ್ತೆ. ರಷ್ಯಾದಲ್ಲಿ ಇಂಡಿಯಾದ ಹುಡುಗಿ. ಹೋದಲ್ಲೆಲ್ಲ ಜನ ನನಗೆ ಬಿಟ್ಟು ಬಂದ ಊರಿನ ಹೆಸರಿಡುತ್ತಾರೆ.

ಆರನೆಯ ವಾರ ಭಾಗ್ಯಳ ಫೋನ್ ಬಂತು. "ವೀಸಾ ಬಂತ್ರಿ ಮೇಡಂ. ಗುರುವಾರ ಮಧ್ಯಾಹ್ನ ಹೊಂಟೀನಿ. ಬರ್ರಿ. ಅಪ್ಪಾನೂ ಬರಾಕ ಹೇಳ್ಯಾನ."

ಹೋದೆ. ನಡುಮನೆಯಲ್ಲಿ ಎರಡು ದೊಡ್ಡ ಸೂಟ್‌ಕೇಸ್, ಬದಿಗೆ ಶೇಂಗಾ ಚಟ್ನಿಪುಡಿಯ ಕಟ್ಟು. ಮಹಾದೇವಿ ನನ್ನ ಕೈಗೆ ನೀರಿನ ಲೋಟ ಕೊಟ್ಟರು. ಶರಣಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನನ್ನನ್ನು ನೇರ ನೋಡದೆ ಸೂಟ್‌ಕೇಸಿನ ಬೀಗ ಎಳೆದು ನೋಡುತ್ತ ಹೇಳಿದರು. "ಅಕ್ಕಾರ, ನಿಮ್ಮ ಅಪ್ಪಾರು ಮಾಡಿದ್ದು ನನಗ ಆಗಂಗಿಲ್ರಿ. ಇಕಿ ನಡುವ ಓಡಿ ಬಂದ್ರ ನಾ ಸುಳ್ಳ ಹೇಳಾವಲ್ಲ."

"ಹೇಳಬ್ಯಾಡ್ರಿ" ಎಂದೆ. "ನೀವು ಹಂಗ ಹೇಳೂದಿಲ್ಲ ಅಂತ ಇಕಿಗೆ ಗೊತ್ತಿದ್ರ ಸಾಕು."

ಟ್ಯಾಕ್ಸಿ ಬಂತು. ರಾಹುಕಾಲ ಶುರುವಾಗುವ ಮೊದಲು ಹೊಸ್ತಿಲು ದಾಟಬೇಕೆಂದು ಮಹಾದೇವಿಯ ಅವಸರ. ಆಗ ಭಾಗ್ಯ, "ತಡೀರಿ, ಎಲ್ಲಾರೂ ಒಂದ್ ನಿಮಿಷ ಕುಂದರ್ರಿ" ಎಂದಳು. ತರಗತಿಯಲ್ಲಿ ನಾನೇ ಹೇಳಿಕೊಟ್ಟಿದ್ದೆ. ರಷ್ಯಾದಲ್ಲಿ ದೂರ ಹೊರಟವರೂ ಕಳಿಸುವವರೂ ಹೊರಡುವ ಮುಂಚೆ ಒಂದು ನಿಮಿಷ ಮಾತಿಲ್ಲದೆ ಒಟ್ಟಿಗೆ ಕೂರುತ್ತಾರೆ, ಆಮೇಲೆ ಎದ್ದು ಹೋಗುತ್ತಾರೆ. ಮಹಾದೇವಿ ಗೊಣಗುತ್ತಲೇ ಮಂಚದ ತುದಿಗೆ ಕೂತರು, ಶರಣಪ್ಪ ಸೂಟ್‌ಕೇಸಿನ ಮೇಲೆ, ಭಾಗ್ಯ ನೆಲದ ಮೇಲೆ ಅಮ್ಮನ ಕಾಲ ಬಳಿ. ನನಗೊಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಹೊರಗೆ ಯಾವುದೋ ಕಾರ್ಖಾನೆಯ ಭೋಂಗಾ ಕೂಗಿ ನಿಂತಿತು. ಆ ನಿಮಿಷದಲ್ಲಿ ನನಗೆ ನೆನಪಾಯಿತು, ನಾನು ಆ ಹಾಸ್ಟೆಲಿನಿಂದ ಹೊರಟಾಗ ಹೀಗೆ ಕೂರಲಿಲ್ಲ. ಕೋಣೆಯ ಹುಡುಗಿಯರು ಪಾಠಕ್ಕೆ ಹೋಗಿದ್ದ ಹೊತ್ತು ನೋಡಿ ಹೊರಟಿದ್ದೆ.

ಎದ್ದ ಮೇಲೆ ಭಾಗ್ಯಳನ್ನು ಬದಿಗೆ ಕರೆದೆ. ಈಗ ಅಂಕಗಳೆಲ್ಲ ಫೋನಿನಲ್ಲೇ ಬರುತ್ತವಂತೆ, ಅವಳಿಗೆ ಆ ಪುಸ್ತಕ ಸಿಗುತ್ತದೋ ಇಲ್ಲವೋ. ಆದರೂ ಹೇಳಿದೆ. "ಫೇಲಾದ್ರ ಅಲ್ಲಿ ಬರಿಯಂಗಿಲ್ಲ, ಖಾಲಿ ಬಿಡ್ತಾರ. ಮುಚ್ಚಿಡಾಕ ಅಂತ ನಾ ತಿಳಕೊಂಡಿದ್ದೆ. ಹಂಗಲ್ಲ. ತಿರುಗಿ ಬರ್ತೀ ಅಂತ ಜಾಗಾ ಇಟ್ಟಿರ್ತಾರ. ನೀ ಹೋಗು. ಎಷ್ಟು ಸಲ ಕರದ್ರೂ ಅಷ್ಟು ಸಲ ಹೋಗು." ಈ ಮಾತು ನನಗೆ ಮೊದಲೇ ತಿಳಿದಿತ್ತು ಎಂದು ಹೇಳಲಾರೆ. ಹೇಳುವಾಗ ತಿಳಿಯಿತು.

ಅವಳು ಬಗ್ಗಿ ಕಾಲು ಮುಟ್ಟಿ ಎದ್ದಳು. ಮೇಡಂ ಎನ್ನಲಿಲ್ಲ. "ಬರ್ತೀನ್ರಿ, ಗಿರಿಜಾ ಮಲ್ಲಪ್ಪೊವ್ನಾ" ಎಂದಳು. ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಮೇಲೆ ಅಪ್ಪ ನನ್ನ ಹೆಸರಿನ ಪಕ್ಕಕ್ಕೆ ಬಂದು ನಿಂತರು, ಈ ಸಲ ಯಾವ ರೋಗವೂ ಇಲ್ಲದೆ. ನನಗೆ ಅಳು ತಡೆಯಲಾಗಲಿಲ್ಲ. ಶರಣಪ್ಪ ಟ್ಯಾಕ್ಸಿಯ ಬಾಗಿಲು ಹಿಡಿದು ಬೇರೆ ಕಡೆ ನೋಡುತ್ತಿದ್ದರು. ಮಹಾದೇವಿ ಹತ್ತುವ ಮುಂಚೆ ತಿರುಗಿ, "ರವಿವಾರ ಬರ್ರಿ" ಎಂದರು. ಶರಣಪ್ಪ ಬೇಡ ಎನ್ನಲಿಲ್ಲ.

ರೈಲು ಹಿಡಿದು ಲಿಂಗಂಪಲ್ಲಿಗೆ ಬರುವಾಗ ಸಂಜೆಯಾಗಿತ್ತು. ರಸ್ತೆ ಬದಿಯ ಹೆಂಗಸು, "ಎನ್ನಿ ರೊಟ್ಟೆಲು?" ಎಂದು ಕೇಳಿದಳು, ಎಷ್ಟು ರೊಟ್ಟಿ ಎಂದು. "ರೆಂಡು" ಎಂದೆ, ಎರಡು. ಕೋಣೆಯ ಬೀಗ ತೆಗೆದು, ಅಂಕಪುಸ್ತಕವನ್ನು ಚೀಲದಿಂದ ಹೊರತೆಗೆದು ಖಾಲಿ ಪುಟ ಬಿಡಿಸಿ ಮೇಜಿನ ಮೇಲಿಟ್ಟೆ. ಆ ಸಾಲಿನಲ್ಲಿ ಇನ್ನೂ ನನ್ನ ಜಾಗವಿತ್ತು, ಅದನ್ನು ಕಾಯ್ದಿಟ್ಟ ಮುದುಕಿ ಈಗ ಇರಲಾರರು. ಕುರ್ಚಿ ಎಳೆದು ಕೂತೆ. ಒಂದು ನಿಮಿಷ ಮಾತಿಲ್ಲದೆ ಕೂತೇ ಇದ್ದೆ, ಎಲ್ಲಿಗೂ ಹೊರಟಿರಲಿಲ್ಲ.